ಒಂದೇ ನಂಬರಿನ ಎರಡು ಪುಸ್ತಕಗಳು

ಕೊರೊನಾ ಮುಗಿದು ಕಾಲೇಜುಗಳು ಮೊದಲಿನ ಹಾಗೆ ನಡೆಯತೊಡಗಿದ ಎರಡನೇ ವರ್ಷ. ನಾನು ಚಿಕ್ಕೋಡಿಯ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು ಉಳಿದಿತ್ತು. ಅಷ್ಟು ವರ್ಷಗಳ ಕೆಲಸದಲ್ಲಿ ನನಗೆ ಎರಡು ಹೆಸರು ಬಿದ್ದಿದ್ದವು. ಎದುರಿಗೆ ‘ಮೇಡಂ’, ಬೆನ್ನ ಹಿಂದೆ ‘ಮೆಣಸಿನಕಾಯಿ ಬಾಯಾರು’. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಬಾಯಾರು ಅನ್ನುತ್ತಾರೆ. ಮೆಣಸಿನಕಾಯಿ ಯಾಕೆ ಅಂಟಿಕೊಂಡಿತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಹಾಳೆ ಮಡಚಿದವರನ್ನು, ಅಂಚಿನಲ್ಲಿ ಪೆನ್ನಾಡಿಸಿದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಆದರೆ ಈ ಪ್ರಕರಣದಲ್ಲಿ ನನ್ನ ಬಾಯಿ ಮೊದಲು ಹೋಗಿ ಬಿದ್ದದ್ದು ಏನೂ ತಪ್ಪು ಮಾಡದ ಒಬ್ಬ ಹುಡುಗಿಯ ಮೇಲೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಕಥೆಗೆ ಮೊದಲು ಒಂದು ಮಾತು ತಿಳಿಸಬೇಕು. ಪುಸ್ತಕದ ಹಿಂಬದಿಯಲ್ಲಿ ಕರಿ ಗೆರೆಗಳ ಬಾರ್‌ಕೋಡ್ ಇರುತ್ತದಲ್ಲ, ಅದರ ಜೊತೆ ಹದಿಮೂರು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಅದೇ ಐಎಸ್‌ಬಿಎನ್. ಬಹಳ ಜನ ಅದನ್ನು ಪುಸ್ತಕದ ಹೆಸರಿಗೆ ಕೊಟ್ಟ ನಂಬರು ಅಂದುಕೊಂಡಿದ್ದಾರೆ. ಅಲ್ಲ. ಅದು ಆ ಹೆಸರಿನ ಒಂದು ನಿರ್ದಿಷ್ಟ ರೂಪಕ್ಕೆ ಕೊಟ್ಟದ್ದು. ಗಟ್ಟಿ ರಟ್ಟಿನ ಪುಸ್ತಕಕ್ಕೆ ಒಂದು, ತೆಳು ರಟ್ಟಿನದಕ್ಕೆ ಇನ್ನೊಂದು, ಮೊಬೈಲಿನಲ್ಲಿ ಓದುವ ಇ-ಪುಸ್ತಕಕ್ಕೆ ಮತ್ತೊಂದು. ಬೇರೆ ಭಾಷೆಗೆ ಹೋದರೆ ಬೇರೆ ನಂಬರು. ಒಳಗಿನ ವಿಷಯ ತಿದ್ದಿ ಪರಿಷ್ಕೃತ ಆವೃತ್ತಿ ತಂದರೂ ಬೇರೆ ನಂಬರು. ಏನೂ ಬದಲಿಸದೆ ಇದ್ದದ್ದನ್ನೇ ಮತ್ತೆ ಅಚ್ಚು ಹಾಕಿದರೆ ಮಾತ್ರ ಹಳೆಯ ನಂಬರು ಮುಂದುವರಿಯುತ್ತದೆ. ನಮ್ಮ ದೇಶದಲ್ಲಿ ಈ ನಂಬರು ಪುಕ್ಕಟೆ ಸಿಗುತ್ತದೆ. ಕಂಪ್ಯೂಟರಿನ ಮುಂದೆ ಕೂತು ಅರ್ಜಿ ತುಂಬಿ ಕೆಲವು ದಿನ ಕಾಯಬೇಕು, ಅಷ್ಟೇ. ಪುಕ್ಕಟೆ ಎಂಬ ಮಾತನ್ನು ದಯವಿಟ್ಟು ನೆನಪಿಡಿ.

ಅಥಣಿಯಲ್ಲಿ ನೆಲೆಸಿದ್ದ ನಿವೃತ್ತ ಪಶುವೈದ್ಯರು, ಪಾಟೀಲ ಡಾಕ್ಟರು, ಕುರಿ ಸಾಕುವವರಿಗಾಗಿ ಒಂದು ಕೈಪಿಡಿ ಬರೆದಿದ್ದರು. ನಿಪ್ಪಾಣಿಯ ಒಂದು ಮುದ್ರಣಾಲಯ ಅದನ್ನು ಪ್ರಕಟಿಸಿತ್ತು. ಹಸಿರು ಹೊದಿಕೆ, ಮೇಲೆ ಎರಡು ಬಿಳಿ ಟಗರು. ಒಳ್ಳೆಯ ಪುಸ್ತಕ. ಯಾವ ರೋಗಕ್ಕೆ ಏನು ಲಕ್ಷಣ, ಮರಿಗೆ ಎಷ್ಟು ಮೇವು, ಎಲ್ಲ ನಮ್ಮ ಕಡೆಯ ಮಾತಿನಲ್ಲೇ ಇತ್ತು. ಆದರೆ ಮೊದಲ ಆವೃತ್ತಿಯಲ್ಲಿ ಒಂದು ತಪ್ಪು ನುಸುಳಿತ್ತು. ದನಗಳ ಮೇವಿಗೆ ಬೆರೆಸುವ ಖನಿಜದ ಪುಡಿಯನ್ನು ಅರ್ಧ ಅಳತೆಯಲ್ಲಿ ಕುರಿಗೂ ಹಾಕಬಹುದು ಎಂದು ಅಚ್ಚಾಗಿತ್ತು. ಆ ಪುಡಿಯಲ್ಲಿ ತಾಮ್ರ ಇರುತ್ತದೆ. ದನಕ್ಕೆ ಅದು ಬೇಕು. ಕುರಿಯ ಪಿತ್ತಜನಕಾಂಗದಲ್ಲಿ ಅದೇ ತಾಮ್ರ ದಿನದಿನವೂ ಕೂಡಿಕೊಳ್ಳುತ್ತ ಹೋಗಿ, ಮೇಲೆ ಏನೂ ಕಾಣಿಸದೆ, ಒಂದು ದಿನ ವಿಷವಾಗಿ ಹೊರಬೀಳುತ್ತದೆ. ದೊಡ್ಡಿಯಲ್ಲೇ ಕಟ್ಟಿ ಮೇಯಿಸುವ ಮರಿಗಳಿಗಂತೂ ಅಪಾಯ ಇನ್ನೂ ಹೆಚ್ಚು.

ಡಾಕ್ಟರಿಗೆ ತಮ್ಮ ತಪ್ಪು ಗೊತ್ತಾದಾಗ ಅವರು ಮುಚ್ಚಿಡಲಿಲ್ಲ. ಮೇವಿನ ಅಧ್ಯಾಯವನ್ನು ಪೂರ್ತಿ ಹೊಸದಾಗಿ ಬರೆದರು, ಇನ್ನೆರಡು ಅಧ್ಯಾಯ ಸೇರಿಸಿದರು, ನಲವತ್ತು ಪುಟ ಹೆಚ್ಚಿಸಿದರು. ದನದ ಖನಿಜದ ಪುಡಿ ಕುರಿಗೆ ಕೊಡಲೇಬಾರದು ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದರು. ಎರಡನೇ ಆವೃತ್ತಿ ಬಂದ ಮೇಲೆ ತಮಗೆ ಗೊತ್ತಿದ್ದ ಗ್ರಂಥಾಲಯಗಳಿಗೆಲ್ಲ ತಾವೇ ಫೋನ್ ಮಾಡಿ, ಹಳೆಯದನ್ನು ಕಪಾಟಿನಿಂದ ತೆಗೆದುಬಿಡಿ ಎಂದು ಕೇಳಿಕೊಂಡರು. ಎಪ್ಪತ್ತು ದಾಟಿದ ಮನುಷ್ಯ, ತನ್ನ ತಪ್ಪನ್ನು ತಾನೇ ಊರೂರಿಗೆ ಹೇಳಿಕೊಂಡರು. ಅಂಥವರ ಪುಸ್ತಕಕ್ಕೆ ಇಂಥ ಗತಿ ಬಂತಲ್ಲ ಎಂಬುದೇ ನನ್ನ ಸಂಕಟ.

ನಾನು ಹಳೆಯ ಮೂರು ಪ್ರತಿ ತೆಗೆದೆ. ಹೊಸದರ ಹತ್ತು ಪ್ರತಿಗೆ ಬೇಡಿಕೆ ಬರೆದೆ. ಹೆಸರು, ಲೇಖಕ, ಎರಡನೇ ಆವೃತ್ತಿ, ಐಎಸ್‌ಬಿಎನ್. ಪ್ರಕಾಶಕರ ಪಟ್ಟಿಯಲ್ಲಿ ಹೊಸ ಆವೃತ್ತಿಯ ಮುಂದೆ ಯಾವ ನಂಬರಿತ್ತೋ ಅದನ್ನೇ ಇಳಿಸಿಕೊಂಡೆ. ಹಳೆಯದರ ನಂಬರಿಗೆ ಅದನ್ನು ಹೋಲಿಸಿ ನೋಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಹೊಸ ಆವೃತ್ತಿ ಎಂದ ಮೇಲೆ ಹೊಸ ನಂಬರು ಇದ್ದೇ ಇರುತ್ತದೆ, ಅದನ್ನು ಯಾರಾದರೂ ಹೋಲಿಸುತ್ತಾರೆಯೇ?

ಪಾರ್ಸೆಲ್ಲು ಬಂದದ್ದು ಮಾರ್ಚ್ ಕೊನೆಯ ವಾರ. ಸರಕಾರಿ ವರ್ಷ ಮುಗಿಯುವ ಮುಂಚೆ ಎಲ್ಲ ಪುಸ್ತಕವೂ ದಾಖಲಾಗಬೇಕೆಂಬ ಒತ್ತಡ. ನಮ್ಮ ಕೆಲಸದಲ್ಲಿ ದಾಖಲಾತಿ ಪುಸ್ತಕ ಎಂದು ಒಂದು ದಪ್ಪ ರಿಜಿಸ್ಟರ್ ಇರುತ್ತದೆ, ಬಂದ ಪ್ರತಿಯೊಂದು ಪ್ರತಿಗೂ ಅದರಲ್ಲಿ ಒಂದು ಸಾಲು. ಆ ಸಾಲನ್ನು ಪುಸ್ತಕದ ಒಳಪುಟ ತೆರೆದು, ಅಲ್ಲಿ ಅಚ್ಚಾಗಿರುವುದನ್ನು ನೋಡಿ ಬರೆಯಬೇಕು. ಇದನ್ನು ನಾನು ನನ್ನ ಕೈಕೆಳಗಿನವರಿಗೆ ನೂರು ಸಲ ಹೇಳಿದ್ದೇನೆ, ತಪ್ಪಿದವರಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೇನೆ. ಆ ದಿನ ನಾನೇನು ಮಾಡಿದೆ? ಹತ್ತೂ ಪುಸ್ತಕದ ಹಿಂಬದಿಯ ನಂಬರನ್ನು ಬೇಡಿಕೆ ಪಟ್ಟಿಗೆ ತಾಳೆ ನೋಡಿದೆ. ಸರಿಯಿತ್ತು. ‘ಎರಡನೇ ಆವೃತ್ತಿ’ ಎಂಬುದನ್ನು ಬೇಡಿಕೆ ಪಟ್ಟಿಯಿಂದಲೇ ಹತ್ತು ಸಾಲಿಗೂ ಇಳಿಸಿದೆ. ಹಿಂಬದಿಗೆ ಕಾಲೇಜಿನ ಠಸ್ಸೆ ಒತ್ತಿದೆ. ಒಂದನ್ನೂ ತೆರೆಯಲಿಲ್ಲ.

ಏಪ್ರಿಲ್‌ನಲ್ಲಿ ಮಾಯವ್ವ ಬಂದಳು. ನಮ್ಮದೇ ಕಾಲೇಜಿನ ಹಳೆಯ ವಿದ್ಯಾರ್ಥಿನಿ, ಅಂಕಲಿಯವಳು. ಕುರಿ ಕಾಯುವ ಮನೆತನದಿಂದ ಪದವಿ ಓದಲು ಬಂದ ಮೊದಲ ಹುಡುಗಿ. ಪಾಲಬಾವಿಯ ಕುರಿಗಾರರ ಮನೆಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಹಳೆಯ ವಿದ್ಯಾರ್ಥಿಗಳಿಗೂ ಪುಸ್ತಕ ಕೊಡುವ ಪದ್ಧತಿಯನ್ನು ನಾನೇ ಶುರುಮಾಡಿದ್ದೆ. ತವರಿಗೆ ಬಂದಾಗಲೆಲ್ಲ ಅವಳು ಚಿಕ್ಕೋಡಿಗೆ ಬಂದು ಒಂದೆರಡು ಪುಸ್ತಕ ಒಯ್ಯುತ್ತಿದ್ದಳು. ಆ ಸಲ ಅವಳ ಮುಖದಲ್ಲಿ ಹುರುಪಿತ್ತು. ಗಂಡನ ಮನೆಯವರು ವರ್ಷದಲ್ಲಿ ಎಂಟು ತಿಂಗಳು ಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ಅಲೆಯುವವರು. ಮೂವತ್ತೊಂದು ಮರಿಗಳನ್ನು ಮನೆಯಲ್ಲೇ ದೊಡ್ಡಿ ಕಟ್ಟಿ ಮೇಯಿಸೋಣ, ಅದು ಗೆದ್ದರೆ ಮುಂದಿನ ವರ್ಷ ಅರ್ಧ ಮಂದಿಯಾದರೂ ಊರಲ್ಲೇ ನಿಲ್ಲಬಹುದು ಎಂದು ಅವಳು ಗಂಡನನ್ನು ಒಪ್ಪಿಸಿದ್ದಳು. ಅತ್ತೆ ಲಗಮವ್ವ ಒಪ್ಪಿರಲಿಲ್ಲ. ಹುಟ್ಟಿದಾಗಿನಿಂದ ಕುರಿಯ ಜೊತೆ ನಡೆದವಳಿಗೆ, ಕುರಿ ಸಾಕೋದನ್ನ ಹಾಳ್ಯಾಗ ನೋಡಿ ಕಲೀತಾರೇನು ಎಂಬ ಪ್ರಶ್ನೆ. ಕೊನೆಗೆ ಒಂದು ವರ್ಷ ನೋಡೋಣ ಎಂದಿದ್ದಳಂತೆ. ಆ ಮನೆಯಲ್ಲಿ ಓದಲು ಬರುವವಳು ಮಾಯವ್ವ ಒಬ್ಬಳೇ. ಸಂಜೆ ಮುಂದೆ ಅವಳು ಓದಿ ಹೇಳಬೇಕು, ಉಳಿದವರು ಕೇಳಬೇಕು, ಹಾಗೆ ಮಾತಾಗಿತ್ತು.

ನಾನು ಹಸಿರು ಹೊದಿಕೆಯ ಹೊಸ ಪ್ರತಿಗಳಲ್ಲಿ ಮೇಲಿನದನ್ನು ಎತ್ತಿ ಅವಳ ಕೈಗಿಟ್ಟೆ. ಇದು ತಿದ್ದಿದ ಪುಸ್ತಕ, ಹಳೆಯದರಲ್ಲಿ ತಪ್ಪಿತ್ತು, ಇದರಲ್ಲಿ ಇದ್ದಂಗ ಕಣ್ಣುಮುಚ್ಚಿ ಮಾಡು ಎಂದೆ. ಕಣ್ಣುಮುಚ್ಚಿ ಎಂಬ ಮಾತು ನನ್ನದೇ. ಅದನ್ನು ಬೇರೆ ಯಾರ ಮೇಲೂ ಹಾಕಲಾರೆ.

ಜೂನ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳ ಫೋನು ಬಂತು. ಮೂರು ದಿನದಲ್ಲಿ ಐದು ಮರಿ ಸತ್ತಿದ್ದವು. ಕಣ್ಣು ಹಳದಿ, ಉಚ್ಚೆ ಕಪ್ಪುಗೆಂಪು, ನಿಂತಲ್ಲೇ ಕುಸಿದು ಬಿದ್ದಿದ್ದವು. ಹಾರೂಗೇರಿಯಿಂದ ಬಂದ ಪಶುವೈದ್ಯರು ನೋಡಿದ ಕೂಡಲೇ ಏನು ಹಾಕುತ್ತಿದ್ದೀರಿ ಎಂದು ಕೇಳಿ, ದನದ ಪುಡಿಯ ಚೀಲ ಕಂಡು, ಇದನ್ನು ಕುರಿಗೆ ಹಾಕಲು ಯಾರು ಹೇಳಿದರು ಎಂದು ಗದರಿದ್ದರು. ಪುಸ್ತಕದಲ್ಲಿದೆ ಎಂದು ಇವಳು ಹೇಳಿದ್ದಳು. ಹಾಗೆ ಯಾವ ಪುಸ್ತಕದಲ್ಲೂ ಇರಲು ಸಾಧ್ಯವಿಲ್ಲ ಎಂದು ಅವರು ಹೇಳಿ ಹೋಗಿದ್ದರು. ಈಗ ಮನೆಯವರೆಲ್ಲ ಸುತ್ತ ಕೂತಿದ್ದಾರೆ, ನೀವು ಒಂದು ಮಾತು ಹೇಳ್ರಿ ಎಂದು ಅವಳು ಕೇಳಿದಳು. ಫೋನಿನ ಸ್ಪೀಕರ್ ಹಾಕಿದ್ದಳು.

ನಾನು ಎದ್ದು ಕಪಾಟಿಗೆ ಹೋದೆ. ಅದೇ ಹಸಿರು ಪುಸ್ತಕ, ಅದೇ ನಂಬರು. ಮೇವಿನ ಅಧ್ಯಾಯ ತೆಗೆದೆ. ದಪ್ಪ ಅಕ್ಷರದಲ್ಲಿ ಸ್ಪಷ್ಟವಾಗಿ ಇತ್ತು: ಕೊಡಲೇಬಾರದು. ಎಷ್ಟನೇ ಪುಟ ನೋಡಿದೆ ಎಂದು ಕೇಳಿದೆ. ನಲವತ್ತೊಂದು ಎಂದಳು. ನನ್ನ ಕೈಯಲ್ಲಿದ್ದ ಪುಸ್ತಕದ ನಲವತ್ತೊಂದನೇ ಪುಟದಲ್ಲಿ ಗೊರಸಿನ ರೋಗದ ವಿಷಯವಿತ್ತು. ಅಲ್ಲಿಯಾದರೂ ನಾನು ನಿಲ್ಲಬೇಕಿತ್ತು. ಪುಟ ಹೊಂದುತ್ತಿಲ್ಲ ಎಂದರೆ ಪುಸ್ತಕ ಬೇರೆ ಎಂದು ಒಂದನೇ ವರ್ಷದ ಗ್ರಂಥಾಲಯ ವಿದ್ಯಾರ್ಥಿಗೂ ಗೊತ್ತಾಗಬೇಕು. ನನಗೆ ಗೊತ್ತಾದದ್ದು ಇಷ್ಟೇ: ಈ ಹುಡುಗಿಗೆ ಪುಟದ ನಂಬರು ಕೂಡ ಸರಿಯಾಗಿ ಹೇಳಲು ಬರುವುದಿಲ್ಲ.

“ಪುಸ್ತಕದಾಗ ಸರಿಯಾಗೇ ಐತಿ, ಮಾಯವ್ವಾ. ಓದೂದು ನೀನು ತಪ್ಪು ಓದೀದಿ,” ಎಂದೆ.

ಆ ಕಡೆ ಒಂದು ವಯಸ್ಸಾದ ಹೆಂಗಸಿನ ದನಿ, ಫೋನಿಗಲ್ಲ, ಪಕ್ಕದವರಿಗೆ ಹೇಳಿದ್ದು ಕೇಳಿಸಿತು. “ನಿನ್ನ ಓದು ಐದು ಮರಿ ತಿಂತು. ಇನ್ನ ಆ ಪುಸ್ತಕ ಮುಚ್ಚಿಡು.” ಫೋನು ಬಂದಾಯಿತು.

ಅರ್ಧ ಗಂಟೆ ನಾನು ಸಿಟ್ಟಿನಲ್ಲಿದ್ದೆ. ಅಷ್ಟು ಓದಿಸಿ, ಅಷ್ಟು ತಿದ್ದಿ, ಒಂದು ಸಾಲು ನೆಟ್ಟಗೆ ಓದಲಾಗಲಿಲ್ಲವೇ ಇವಳಿಗೆ ಎಂದು ಪಕ್ಕದ ಮೇಜಿನವರ ಎದುರು ಹಲುಬಿದೆ. ಆಗ ಮೊಬೈಲಿನಲ್ಲಿ ಎರಡು ಫೋಟೋ ಬಂದವು. ಮಾಯವ್ವ ಒಂದಕ್ಷರವನ್ನೂ ಬರೆದಿರಲಿಲ್ಲ. ಮೊದಲನೆಯದರಲ್ಲಿ ಪುಟ ನಲವತ್ತೊಂದು. ನಡುವೆ ಪೆನ್ಸಿಲ್ಲಿನ ಗೆರೆ ಸಹ ಎಳೆಯದೆ, ಬೆರಳಿಟ್ಟು ತೋರಿಸಿದ ಸಾಲು: ದನಗಳಿಗೆ ಹಾಕುವ ಖನಿಜ ಮಿಶ್ರಣವನ್ನೇ ಅರ್ಧ ಅಳತೆಯಲ್ಲಿ ಕುರಿಗಳಿಗೂ ಕೊಡಬಹುದು. ಎರಡನೇ ಫೋಟೋ ಹಿಂಬದಿಯದು. ನಮ್ಮ ಕಾಲೇಜಿನ ಠಸ್ಸೆ, ಮತ್ತು ನನ್ನ ಕೈಯಲ್ಲಿದ್ದ ಪುಸ್ತಕದ್ದೇ ಹದಿಮೂರು ಅಂಕಿಗಳು, ಒಂದೂ ತಪ್ಪದೆ.

ಉಳಿದ ಪ್ರತಿಗಳನ್ನೆಲ್ಲ ಇಳಿಸಿ ಒಂದೊಂದಾಗಿ ತೆರೆದೆ. ನಾನು ಹತ್ತೂ ಪ್ರತಿಗೆ ಎರಡನೇ ಆವೃತ್ತಿ ಎಂದು ಬರೆದಿದ್ದೆನಲ್ಲ, ಅವುಗಳಲ್ಲಿ ನಾಲ್ಕು ಮಾತ್ರ ಹೊಸವು. ಆರು ಹಳೆಯವು. ಮಾಯವ್ವನದು ಆ ಆರರಲ್ಲಿ ಒಂದು. ಹೊರಗಿನಿಂದ ಹತ್ತೂ ಒಂದೇ. ನಲವತ್ತು ಪುಟದ ವ್ಯತ್ಯಾಸ ಕೂಡ ಗೊತ್ತಾಗದ ಹಾಗೆ ಹೊಸದನ್ನು ತೆಳು ಕಾಗದದಲ್ಲಿ ಅಚ್ಚು ಹಾಕಿದ್ದರು. ಸಂಶಯವಿದ್ದವರಿಗೆ ಮಾತ್ರ ಕಾಣುವ ವ್ಯತ್ಯಾಸ ಅದು, ನನಗೆ ಸಂಶಯವೇ ಇರಲಿಲ್ಲ.

ಮರುದಿನ ಪಾಟೀಲ ಡಾಕ್ಟರನ್ನು ಕರೆದುಕೊಂಡು ಪಾಲಬಾವಿಗೆ ಹೋದೆ. ಅವರು ದೊಡ್ಡಿಗೆ ಹೋಗಿ ಮರಿಗಳ ಕಣ್ಣರೆಪ್ಪೆ ಮಗುಚಿ ನೋಡಿ, ಹಾರೂಗೇರಿಯ ಪಶುವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ ಔಷಧ ಗೊತ್ತುಮಾಡಿದರು. ಪುಡಿ ನಿಲ್ಲಿಸಿದ ಮೇಲೂ ವಿಷ ಮೈಯಲ್ಲಿ ಇರುತ್ತದೆ, ಇನ್ನೂ ಕೆಲವು ಹೋಗಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ಇನ್ನೆರಡು ಹೋದವು. ಇಪ್ಪತ್ನಾಲ್ಕು ಉಳಿದವು.

ಮಾಯವ್ವ ನೀರು ತಂದಿಟ್ಟು ಗೋಡೆಗೆ ನಿಂತಳು. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ತಪ್ಪು ನಿಮ್ಮ ಸೊಸೆಯದಲ್ಲ, ಪುಸ್ತಕದ್ದು ಮತ್ತು ನನ್ನದು ಎಂದು ನಾನು ಲಗಮವ್ವನ ಹತ್ತಿರ ತಗ್ಗಿದ ದನಿಯಲ್ಲಿ ಶುರುಮಾಡಿದೆ. ಆ ಹೆಣ್ಣುಮಗಳು ಕೈಯೆತ್ತಿ ನನ್ನನ್ನು ನಿಲ್ಲಿಸಿದಳು.

“ಬಾಯಾರ, ಅಕೀ ಓದೂದು ತಪ್ಪೈತಿ ಅಂತ ಎಲ್ಲಾರ ಮುಂದ ಅಂದ್ರಿ. ಇದನ್ನೂ ಎಲ್ಲಾರ ಮುಂದ ಹೇಳ್ರಿ.”

ಹೊಲಕ್ಕೆ ಹೋದ ಗಂಡಸರನ್ನು ಕರೆಸಿದಳು. ಓಣಿಯ ಭಾವ ಮೈದುನರು, ಅವರ ಹೆಂಡಿರು ಬಂದರು. ಹನ್ನೆರಡು ಹದಿಮೂರು ಜನ. ನಾನು ಎದ್ದು ನಿಂತೆ, ಹಳೆಯವು ಎರಡು, ಹೊಸವು ಎರಡು, ಹೀಗೆ ನಾಲ್ಕು ಪುಸ್ತಕಗಳನ್ನು ಕಂಬಳಿಯ ಮೇಲಿಟ್ಟು, ಮಾಯವ್ವ ಓದಿದ್ದು ಅಕ್ಷರಕ್ಷರವೂ ಸರಿ ಇತ್ತು, ಪುಸ್ತಕ ತೆರೆಯದೆ ಕೊಟ್ಟವಳು ನಾನು ಎಂದು ಹೇಳಿದೆ. ನಮ್ಮ ಪ್ರಾಚಾರ್ಯರ ಎದುರು ಕೂಡ ನಾನು ಹಾಗೆ ನಿಂತವಳಲ್ಲ. ಡಾಕ್ಟರೂ ಎದ್ದು, ಮೊದಲು ತಪ್ಪು ಬರೆದವನು ತಾನು ಎಂದರು. ಗಂಡಸರು ತಲೆ ಅಲ್ಲಾಡಿಸಿದರು. ನಾವು ಹೊರಡುವಾಗ ಮಾಯವ್ವ ಹಳೆಯ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟು, ಇನ್ನು ತನಗೆ ಪುಸ್ತಕ ಬೇಡ ಎಂದಳು. ಸಿಟ್ಟಿನಿಂದ ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಅಂಗಡಿಯವನಿಗೆ ಸಾಮಾನು ಬೇಡ ಎನ್ನುವ ಹಾಗೆ ಅಂದಳು.

ಅದನ್ನು ಅಲ್ಲಿಗೇ ಬಿಡಲು ನನ್ನಿಂದಾಗಲಿಲ್ಲ. ಮುಂದಿನ ಸೋಮವಾರ ರಜೆ ಹಾಕಿ ನಿಪ್ಪಾಣಿಗೆ ಹೋದೆ.

ಮುದ್ರಣಾಲಯದ ಮಾಲೀಕ ಬಾಬುರಾವ್ ಬಹಳ ಮೆದು ಮನುಷ್ಯ. ಅದೇ ನನ್ನನ್ನು ಇನ್ನಷ್ಟು ಕೆಣಕಿತು. ಜೋರು ಮಾಡುವವನಾದರೆ ಜೋರು ಮಾಡಬಹುದು. ಇವರು ಕುರ್ಚಿ ಒರೆಸಿ ಕೂರಿಸಿ, ಚಹಾ ತರಿಸಿ, ನಡೆದದ್ದನ್ನು ಕೇಳಿ ನಿಜವಾಗಿಯೂ ಬೇಜಾರು ಮಾಡಿಕೊಂಡರು. ಆಮೇಲೆ ತಮ್ಮ ಕೆಲಸದ ರೀತಿಯನ್ನು ಅಭಿಮಾನದಿಂದಲೇ ವಿವರಿಸಿದರು. ಬಣ್ಣದ ಹೊದಿಕೆ ಕೊಲ್ಹಾಪುರದಲ್ಲಿ ಅಚ್ಚಾಗುತ್ತದೆ, ಒಂದೇ ಸಲಕ್ಕೆ ಎರಡು ಸಾವಿರ. ಒಳಗಿನ ಕಪ್ಪು ಬಿಳುಪು ಪುಟಗಳನ್ನು ಇಲ್ಲಿ ನಿಪ್ಪಾಣಿಯಲ್ಲಿ ಐನೂರರ ಲೆಕ್ಕದಲ್ಲಿ ಬೇಕಾದಾಗ ಅಚ್ಚು ಹಾಕುತ್ತಾರೆ. ಮಡಚಿದ ಹಾಳೆಗಳ ಕಟ್ಟು ಮೂಲೆಯಲ್ಲಿರುತ್ತದೆ, ಬೇಡಿಕೆ ಬಂದಷ್ಟಕ್ಕೆ ಹೊದಿಕೆ ಹಾಕಿ ಹೊಲಿಯುತ್ತಾರೆ. ಎರಡನೇ ಆವೃತ್ತಿ ಬಂದಾಗ ಹಳೆಯ ಒಳಪುಟಗಳು ಒಂದಿಷ್ಟು ಉಳಿದಿದ್ದವು, ಹಳೆಯ ಹೊದಿಕೆಗಳು ಇನ್ನೂ ಬೇಕಾದಷ್ಟಿದ್ದವು. ಎರಡು ಕಟ್ಟುಗಳೂ ಒಂದೇ ಮೂಲೆಯಲ್ಲಿದ್ದವು. ಹೊಲಿಯುವವರ ಕೈಗೆ ಯಾವುದು ಸಿಕ್ಕಿತೋ ಅದಕ್ಕೆ ಹೊದಿಕೆ ಬಿತ್ತು.

ಹೊಸ ಆವೃತ್ತಿಗೆ ಹೊಸ ನಂಬರು ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದೆ. ಹೊಸ ನಂಬರು ಬಂದರೆ ಹೊದಿಕೆಯಲ್ಲಿ ಬಾರ್‌ಕೋಡ್ ಬದಲಾಗಬೇಕು, ಅಚ್ಚಾಗಿ ಬಂದ ಹೊದಿಕೆ ಹಾಳಾಗುತ್ತವಲ್ಲ ಎಂದರು. ಒಂದು ಸಣ್ಣ ಚೀಟಿ ಅಂಟಿಸಿದ್ದರೂ ಸಾಕಿತ್ತಲ್ಲ ಎಂದೆ. ಅದಕ್ಕವರು, ಪುಸ್ತಕ ಬದಲಾಗಿಲ್ಲವಲ್ಲ, ಸ್ವಲ್ಪ ತಿದ್ದಿದ್ದಷ್ಟೇ ಎಂದರು. ಸ್ವಲ್ಪ! ನನಗೆ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ನನ್ನ ಕಣ್ಣು ಅವರ ಹಿಂದಿನ ಕಪಾಟಿಗೆ ಹೋಯಿತು. ಅದೇ ಡಾಕ್ಟರ ಪುಸ್ತಕದ ಮರಾಠಿ ಅನುವಾದ, ನೀಲಿ ಹೊದಿಕೆ. ತೆಗೆದು ತಿರುಗಿಸಿದೆ. ಅದಕ್ಕೂ ಅದೇ ಹದಿಮೂರು ಅಂಕಿ. ಮೊಬೈಲಿಗೆ ಕಳಿಸುವ ಇ-ಪುಸ್ತಕಕ್ಕೂ ಅದೇ ಹಾಕಿದ್ದೇವೆ ಎಂದು ಬಾಬುರಾವ್ ತಾವಾಗಿಯೇ ಹೇಳಿದರು. ನನಗೆ ಖುಷಿಯಾಗುತ್ತದೆ ಅಂದುಕೊಂಡಿದ್ದರೋ ಏನೋ.

“ಮೇಡಂ, ನಮ್ಮ ನಿಪ್ಪಾಣ್ಯಾಗ ಒಂದ ಮನ್ಯಾಗ ಕನ್ನಡಾನೂ ಮಾತಾಡ್ತೀವಿ, ಮರಾಠೀನೂ ಮಾತಾಡ್ತೀವಿ. ಹಂಗಂತ ಮನಿಗೆ ಎರಡು ನಂಬರ್ ಹಾಕ್ತಾರೇನ್ರಿ?”

ನಾನು ಚಹಾದ ಕಪ್ಪು ಬದಿಗಿಟ್ಟೆ. ಚೀಲದಿಂದ ಎರಡು ಹಸಿರು ಪುಸ್ತಕ ತೆಗೆದು ಅವರ ಮೇಜಿನ ಮೇಲೆ ಜೋಡಿಸಿ ಇಟ್ಟೆ. ಒಂದು ಮಾಯವ್ವ ವಾಪಸು ಕೊಟ್ಟದ್ದು, ಇನ್ನೊಂದು ಕಪಾಟಿನದು.

“ಇವನ್ನ ಅಚ್ಚ ಹಾಕಿದೋರು ನೀವು. ತೆರೀದ ಹೇಳ್ರಿ ಬಾಬುರಾವ್, ಇದರಾಗ ಮರಿ ಕೊಲ್ಲೂದು ಯಾವುದು?”

ಅವರು ಒಂದನ್ನು ಎತ್ತಿದರು, ಇಟ್ಟರು. ಇನ್ನೊಂದನ್ನು ಎತ್ತಿದರು. ಬೆನ್ನು ನೋಡಿದರು, ಬಾರ್‌ಕೋಡ್ ನೋಡಿದರು. ಮತ್ತೆ ಮೊದಲನೆಯದನ್ನು ಎತ್ತಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮನೆಯಾದರೆ ಬಾಗಿಲು ಬಡಿದು ಒಳಗೆ ಯಾರಿದ್ದಾರೆ ಎಂದು ಕೇಳಬಹುದು, ದೂರದಿಂದ ಪುಸ್ತಕ ತರಿಸುವವರಿಗೆ ನಂಬರು ಬಿಟ್ಟು ಬೇರೆ ಬಾಗಿಲಿಲ್ಲ ಎಂದು ನಾನು ಹೇಳಿದೆ. ಪುಕ್ಕಟೆ ಸಿಗುವ ಒಂದು ನಂಬರಿಗೆ ಒಂದು ಅರ್ಜಿ ತುಂಬದೆ ಹೋದದ್ದಕ್ಕೆ ಏಳು ಮರಿ ಸತ್ತವು, ಒಬ್ಬ ಓದಿದ ಹುಡುಗಿಯ ಬಾಯಿ ಕಟ್ಟಿತು ಎಂದೂ ಹೇಳಿದೆ. ಇನ್ನೂ ಬಹಳ ಹೇಳಿದೆ. ಅದನ್ನೆಲ್ಲ ಇಲ್ಲಿ ಬರೆಯುವುದು ನನ್ನ ವಯಸ್ಸಿಗೆ ಶೋಭೆಯಲ್ಲ.

ಮೆದು ಮನುಷ್ಯ ಎಂದೆನಲ್ಲ. ಆ ದಿನವೇ ಹೊಲಿದಿಟ್ಟ ಪುಸ್ತಕಗಳನ್ನೆಲ್ಲ ನೆಲಕ್ಕಿಳಿಸಿದರು. ನಾವಿಬ್ಬರೂ ಚಾಪೆಯ ಮೇಲೆ ಕೂತು, ಒಂದೊಂದನ್ನೂ ತೆರೆದು, ಹಳೆಯದು ಹೊಸದು ಬೇರೆ ಮಾಡಿದೆವು. ಹಳೆಯವನ್ನೂ ಮೂಲೆಯ ಹಳೆಯ ಹಾಳೆಗಳನ್ನೂ ನನ್ನ ಕಣ್ಣೆದುರೇ ಹರಿದರು. ಪರಿಷ್ಕೃತ ಕನ್ನಡ ಆವೃತ್ತಿಗೆ, ಮರಾಠಿಗೆ, ಇ-ಪುಸ್ತಕಕ್ಕೆ ಬೇರೆ ಬೇರೆ ಅರ್ಜಿಗಳನ್ನು ನಾನೇ ಪಕ್ಕದಲ್ಲಿ ಕೂತು ತುಂಬಿಸಿದೆ. ಆ ತಿಂಗಳೊಳಗೆ ಮೂರೂ ನಂಬರು ಬಂದವು. ಇಷ್ಟೇ ಕೆಲಸ. ಇದನ್ನು ಮೊದಲೇ ಮಾಡಲು ಏನು ಧಾಡಿಯಾಗಿತ್ತು ಎಂದು ಕೇಳುವ ಆಸೆಯನ್ನು ನುಂಗಿಕೊಂಡೆ.

ಕಷ್ಟವಾದದ್ದು ಆಗಲೇ ಹೊರಗೆ ಹೋದ ಪ್ರತಿಗಳದು. ರಾಯಬಾಗ, ಅಥಣಿ, ಕಾಗವಾಡದ ಗ್ರಂಥಾಲಯಗಳಿಗೆ, ಹಾರೂಗೇರಿಯ ಪುಸ್ತಕದ ಅಂಗಡಿಗೆ ನಾನೂ ಡಾಕ್ಟರೂ ಫೋನ್ ಮಾಡಿದೆವು. ಹಸಿರು ಹೊದಿಕೆಯದು ಇದೆ, ನಂಬರು ಇಂಥದ್ದು ಎನ್ನುವರು. ನಂಬರು ಬಿಡ್ರಿ, ತೆರೆದು ನೋಡ್ರಿ ಎಂದು ನಾವು ಅನ್ನಬೇಕು. ಒಬ್ಬ ಗುಮಾಸ್ತರು, ನಮ್ಮ ಕಂಪ್ಯೂಟರಿನಲ್ಲಿ ಅದು ಎರಡನೇ ಆವೃತ್ತಿ ಅಂತಲೇ ಇದೆ, ಪುಸ್ತಕ ತೆರೆಯುವ ಅಗತ್ಯವೇನು ಎಂದರು. ಮಾರ್ಚಿನಲ್ಲಿ ನಾನೂ ಅವರ ಹಾಗೇ ಇದ್ದೆ. ಕೊನೆಗೂ ಎಲ್ಲ ಪ್ರತಿ ಸಿಗಲಿಲ್ಲ. ಎಷ್ಟು ಉಳಿದಿವೆ ಎಂದು ಲೆಕ್ಕ ಹಾಕಲೂ ಬರುವುದಿಲ್ಲ, ಮಾರಾಟವಾದ ಹಳೆಯದು ಹೊಸದು ಎರಡೂ ಒಂದೇ ನಂಬರಿನಲ್ಲಿ ಕಲಸಿಹೋಗಿವೆ. ಈ ಬರಹ ಓದುವವರ ಮನೆಯಲ್ಲಿ ಎರಡು ಬಿಳಿ ಟಗರಿನ ಹಸಿರು ಪುಸ್ತಕ ಇದ್ದರೆ ದಯವಿಟ್ಟು ಒಳಪುಟ ನೋಡಿ, ಮೊದಲ ಆವೃತ್ತಿಯಾದರೆ ಒಲೆಗೆ ಹಾಕಿ. ಪುಸ್ತಕ ಸುಡಲು ಹೇಳುವ ಗ್ರಂಥಪಾಲಕಿ ನಾನೊಬ್ಬಳೇ ಇರಬಹುದು.

ನಂಬರನ್ನು ನಾನು ಜೀವನವಿಡೀ ಆಫೀಸಿನ ಕೆಲಸ ಎಂದುಕೊಂಡಿದ್ದೆ. ಅದು ಪುಸ್ತಕ ಮಾಡಿದವರು ಕಾಣದ ಓದುಗರಿಗೆ ಕೊಟ್ಟ ಮಾತು: ನೀನು ಕೇಳಿದ್ದು ಇದೇ, ಬೇರೆಯಲ್ಲ. ಮಾತು ಕೊಟ್ಟವರು ತಪ್ಪಿದರೆ ನಡುವೆ ಕೂತ ನನ್ನಂಥವರು ಹಿಡಿಯಬೇಕು. ನಮಗೆ ಸಂಬಳ ಕೊಡುವುದೇ ಪುಸ್ತಕ ತೆರೆದು ನೋಡಲಿಕ್ಕೆ. ಉಳಿದ ತಿಂಗಳುಗಳಲ್ಲಿ ನನ್ನ ಮೇಜಿನ ಮೇಲೆ ಬಂದ ಒಂದು ಪುಸ್ತಕವನ್ನೂ ಒಳಪುಟ ನೋಡದೆ ದಾಖಲು ಮಾಡಲಿಲ್ಲ. ಅದರಿಂದ ಮಾಯವ್ವನಿಗೆ ಏನೂ ವಾಪಸು ಬರಲಿಲ್ಲ, ಅದೂ ಗೊತ್ತಿದೆ.

ಹೊಸ ನಂಬರಿನ ಮೊದಲ ಪ್ರತಿಗಳು ದೀಪಾವಳಿಯ ನಂತರ ಬಂದವು. ಒಂದನ್ನು ತೆಗೆದುಕೊಂಡು ಪಾಲಬಾವಿಗೆ ಹೋದೆ. ಅಂಚೆಯಲ್ಲಿ ಕಳಿಸಬಹುದಿತ್ತು, ಮನಸ್ಸಾಗಲಿಲ್ಲ. ಇಪ್ಪತ್ನಾಲ್ಕು ಮರಿಗಳು ದೊಡ್ಡಿಯಲ್ಲಿ ದಷ್ಟಪುಷ್ಟವಾಗಿದ್ದವು. ಹಿಂಡು ಹೊರಡುವ ಕಾಲ, ಲಗಮವ್ವ ಕಂಬಳಿ ಗಂಟು ಕಟ್ಟುತ್ತಿದ್ದಳು. ಸೊಸೆಯೂ ಈ ಸಲ ಹಿಂಡಿನ ಜೊತೆ ಬರುತ್ತಾಳೋ, ಇಲ್ಲೇ ನಿಲ್ಲುತ್ತಾಳೋ ಎಂದು ಕೇಳುವ ಹಕ್ಕು ನನಗಿರಲಿಲ್ಲ. ಪುಸ್ತಕವನ್ನು ಕಟ್ಟೆಯ ಮೇಲಿಟ್ಟೆ. ಹೊಸ ನಂಬರನ್ನು ಒಂದು ಚೀಟಿಯಲ್ಲಿ ಬರೆದು ತಂದಿದ್ದೆ. ಈ ನಂಬರು ಇದ್ದರೆ ಮಾತ್ರ ನಂಬು, ನಾನು ಹೇಳಿದೆ ಅಂತಲ್ಲ, ನೀನೇ ನೋಡಿ ನಂಬು ಎಂದು ಹೇಳಿ ಅದನ್ನೂ ಪಕ್ಕದಲ್ಲಿಟ್ಟೆ.

ಮಾಯವ್ವ ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಕೈ ಒರೆಸಿಕೊಂಡು ಬಂದು ಕೂತಳು. ಮೇವಿನ ಅಧ್ಯಾಯ ತೆಗೆಯಲಿಲ್ಲ. ಮೊದಲು ಪುಸ್ತಕ ತಿರುಗಿಸಿ, ಚೀಟಿಯನ್ನು ಪಕ್ಕದಲ್ಲಿಟ್ಟು, ಹದಿಮೂರು ಅಂಕಿಗಳನ್ನು ಬೆರಳಿಟ್ಟು ಒಂದೊಂದಾಗಿ ಗಟ್ಟಿಯಾಗಿ ಓದಿದಳು. ನಂತರ ಒಳಪುಟ ತೆರೆದು ‘ಪರಿಷ್ಕೃತ ಎರಡನೇ ಆವೃತ್ತಿ’ ಎಂಬುದನ್ನೂ, ಅಲ್ಲಿದ್ದ ನಂಬರನ್ನೂ ಮತ್ತೊಮ್ಮೆ ಓದಿದಳು. ಲಗಮವ್ವ ಗಂಟು ಕಟ್ಟುವುದನ್ನು ಬಿಟ್ಟು ಕೇಳುತ್ತಿದ್ದಳು.

“ಎಲ್ಲಾ ಹೊಂದ್ಯಾವೇನು?” ಎಂದಳು.

“ಹೊಂದ್ಯಾವ್ರಿ, ಅತ್ತಿ.”

ಲಗಮವ್ವ ಗಂಟನ್ನು ಬದಿಗೆ ಸರಿಸಿ ಕಟ್ಟೆಗೆ ಬಂದು ಸೊಸೆಯ ಎದುರು ಕೂತಳು.

“ಹಂಗಾದ್ರ ಓದು,” ಎಂದಳು.